ಅವ್ವನ ಗಿರಾಕಿಗಳನ್ನು ಕದ್ದ ಓಣಿ

ನನ್ನ ದನಿ ಸ್ವಲ್ಪ ದೊಡ್ಡದು. ಸ್ವಲ್ಪ ಎಂದು ಹೇಳುತ್ತಿರುವವಳು ನಾನು. ಮನೆಯವರು ಬೇರೆ ಮಾತು ಬಳಸುತ್ತಾರೆ. ಬಸ್ಸಿನಲ್ಲಿ ಪಕ್ಕದವಳಿಗೆ ನಾನು ಸಾರಿನ ಒಗ್ಗರಣೆ ಹೇಳಿಕೊಟ್ಟರೆ ಇಳಿಯುವ ಹೊತ್ತಿಗೆ ಕಂಡಕ್ಟರನಿಗೂ ಸಾರು ಮಾಡಲು ಬಂದಿರುತ್ತದೆ. ಗುಟ್ಟು ಹೇಳಲು ನನ್ನ ಬಳಿ ಯಾರೂ ಬರುವುದಿಲ್ಲ. ಮೊನ್ನೆ ಧಾರವಾಡದಿಂದ ಫೋನು ಮಾಡಿದ್ದ ಮೊಮ್ಮಗಳು, "ಅಜ್ಜಿ, ಫೋನ್ ಇಟ್ಟು ಮಾತಾಡು, ಹಂಗs ಕೇಳಸ್ತದ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಬೇಜಾರಾಯಿತೇ ಎಂದು ಸೊಸೆ ಆಮೇಲೆ ಮೆಲ್ಲಗೆ ಕೇಳಿದಳು. ಬೇಜಾರೆಲ್ಲಿಂದ ಬರಬೇಕು? ಈ ದನಿಯನ್ನು ನಾನು ಹುಟ್ಟುತ್ತ ತಂದವಳಲ್ಲ. ಇದು ನನಗೆ ಬನಹಟ್ಟಿ ಕೊಟ್ಟದ್ದು.

ಅದಕ್ಕೂ ಮುಂಚೆ, ಅಂದರೆ ಮುಂಬಯಿಯ ಚಾಳಿನಲ್ಲಿ ಇದ್ದಷ್ಟು ದಿನ, ನಾನು ಪಿಸುಗುಟ್ಟುತ್ತಿದ್ದೆ. ನಾನೊಬ್ಬಳೇ ಅಲ್ಲ, ಆ ಚಾಳಿನ ಮಕ್ಕಳೆಲ್ಲ ಹಾಗೆಯೇ. ಬಟ್ಟೆ ಗಿರಣಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರು ಹಗಲು ಮಲಗುತ್ತಿದ್ದರು, ಹಗಲು ಪಾಳಿಯವರು ರಾತ್ರಿ. ಒಂದೇ ಖೋಲಿ, ಒಂದೇ ಚಾಪೆ, ಮಲಗುವವರು ಮಾತ್ರ ಬೇರೆ ಬೇರೆ. ಯಾವ ಹೊತ್ತಿನಲ್ಲಿ ನೋಡಿದರೂ ಯಾರೋ ಒಬ್ಬರು ಮುಸುಕು ಹಾಕಿಕೊಂಡು ಬಿದ್ದಿರುತ್ತಿದ್ದರು. ಮಕ್ಕಳು ಜಗಳವಾಡಿದರೂ ಪಿಸುಮಾತಿನಲ್ಲೇ ಆಡಬೇಕು. ಪಿಸುಮಾತಿನಲ್ಲಿ ಬೈಯುವುದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತಿರಲಾರದು. ಬೈಗುಳದ ರುಚಿಯೇ ಹೊರಟುಹೋಗುತ್ತದೆ.

ಆ ಖೋಲಿಯ ಮೂಲೆಯಲ್ಲಿ ನಮ್ಮವ್ವ ಖಾನಾವಳಿ ನಡೆಸುತ್ತಿದ್ದಳು. ಖಾನಾವಳಿ ಎಂದರೆ ಕುರ್ಚಿ ಮೇಜು ಎಣಿಸಬೇಡಿ. ಒಂದು ಒಲೆ, ಒಂದು ದೊಡ್ಡ ಹಂಚು, ಅವ್ವನ ಎರಡು ಕೈ. ನಮ್ಮ ಕಡೆಯಿಂದ ಗಿರಣಿ ಕೆಲಸಕ್ಕೆ ಹೋಗಿದ್ದ, ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟಿದ್ದ ಗಂಡಸರು ಬಂದು ಜೋಳದ ರೊಟ್ಟಿ, ಕಾಳಿನ ಪಲ್ಯ ಉಂಡು ಹೋಗುತ್ತಿದ್ದರು. ಅಪ್ಪ ಗಿರಣಿಯ ಮಗ್ಗದ ಖಾತೆಯಲ್ಲಿದ್ದ. ಹತ್ತಿಯ ಧೂಳಿಗೆ ಅವನಿಗೆ ಕೆಮ್ಮು ಹತ್ತಿಕೊಂಡಿತ್ತು. ಕೆಮ್ಮನ್ನೂ ಅವನು ಟವೆಲ್ಲು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದ, ಮಲಗಿದವರಿಗೆ ಎಚ್ಚರವಾದೀತೆಂದು.

ಉಳಿದವರಿಗೆಲ್ಲ ಒಂದು ಊರಿತ್ತು. ಹಬ್ಬಕ್ಕೆ, ಸುಗ್ಗಿಗೆ ಗಂಟು ಕಟ್ಟಿಕೊಂಡು ಹೋಗುತ್ತಿದ್ದರು. ನಮಗೆ ಅದೂ ಇರಲಿಲ್ಲ. ಅವ್ವನ ತವರು ಸೊಲ್ಲಾಪುರದ ಕಡೆಯದು, ಪ್ಲೇಗಿನಲ್ಲಿ ಮನೆಗೆ ಮನೆಯೇ ಬರಿದಾಗಿತ್ತು. ಅಪ್ಪನಿಗೆ ತನ್ನ ತಂದೆ ತಾಯಿಯ ಮುಖವೂ ಸರಿಯಾಗಿ ನೆನಪಿರಲಿಲ್ಲ. ದೀಪಾವಳಿಗೆ ಚಾಳು ಖಾಲಿಯಾದಾಗ ನಾವು ಮೂವರೇ ಉಳಿಯುತ್ತಿದ್ದೆವು. ನನಗೆ ಅದು ಖುಷಿಯ ಕಾಲ, ನಳಕ್ಕೆ ಪಾಳಿ ಇರುತ್ತಿರಲಿಲ್ಲ. ಅವ್ವ ಮಾತ್ರ ಆ ದಿನಗಳಲ್ಲಿ ಯಾವ ಕಾರಣವೂ ಇಲ್ಲದೆ ಹಂಚನ್ನು ತಿಕ್ಕುತ್ತ ಕೂತಿರುತ್ತಿದ್ದಳು.

ಅವ್ವನ ಖಾನಾವಳಿಗೆ ಬರುತ್ತಿದ್ದವರಲ್ಲಿ ಬನಹಟ್ಟಿಯ ಸಂಗಪ್ಪ ಒಬ್ಬ. ಅಪ್ಪನಿಗಿಂತ ಚಿಕ್ಕವನು, ಅವ್ವನನ್ನು ವೈನಿ ಎನ್ನುತ್ತಿದ್ದ. ಈ ಪುಣ್ಯಾತ್ಮನಿಗೆ "ನಮ್ಮೂರಾಗ" ಎಂಬ ಮಾತಿಲ್ಲದೆ ಒಂದು ತುತ್ತೂ ಇಳಿಯುತ್ತಿರಲಿಲ್ಲ. ನಮ್ಮೂರಾಗ ಬದನೀಕಾಯಿ ಹಿಂಗ ಇರೂದಿಲ್ಲ. ನಮ್ಮೂರಾಗ ಮಜ್ಜಿಗಿ ಯಾರೂ ಮಾರೂದಿಲ್ಲ, ಹಂಗs ಕೊಡ್ತಾರ. ನಮ್ಮೂರಾಗ ಗಾಳಿ ಬೀಸ್ತೈತಿ. ಒಂದು ದಿನ ಅವ್ವನಿಗೆ ಸಾಕಾಗಿ ಹೋಯಿತು.

"ಅಷ್ಟು ಛಲೋ ಇದ್ರ ಇಲ್ಲಿಗೆ ಯಾಕ ಬಂದಿಯಪಾ?" ಎಂದು ಕೇಳಿದಳು.

"ಅಣ್ಣತಮ್ಮಂದ್ರು ಭಾಳ, ಮಗ್ಗ ಒಂದs ಐತಿ ವೈನಿ. ಇನ್ನೊಂದು ಮಗ್ಗ ಹಾಕೂವಷ್ಟು ಆತಂದ್ರ ನಾ ಇಲ್ಲಿ ಒಂದ್ ದಿನ ನಿಲ್ಲಾಂವಲ್ಲ."

ಹೇಳಿದಂತೆಯೇ ಮಾಡಿದ. ಮಗ್ಗಕ್ಕೆ ಆಗುವಷ್ಟು ಕೂಡಿತು, ಹೊರಟೇಬಿಟ್ಟ. ಹೋಗುವಾಗ ಅಪ್ಪನಿಗೆ, "ಅಣ್ಣಾ, ನೀನೂ ಬಾ. ಮಗ್ಗ ನಾ ಕಲಸ್ತೀನಿ. ಆ ಕೆಮ್ಮ ಇಲ್ಲಿ ಹೋಗಾಂಗಿಲ್ಲ" ಎಂದು ಹೇಳಿ ಹೋದ. ಅಪ್ಪ ನಕ್ಕ. ಅವ್ವ ನಗಲಿಲ್ಲ. ಆ ಮಳೆಗಾಲದಲ್ಲಿ ಖೋಲಿಯ ಮಾಲಕ ಬಾಡಿಗೆ ಮತ್ತೆ ಏರಿಸಿದ. ಇದ್ದಿಲು ತುಟ್ಟಿಯಾಯಿತು, ಜೋಳ ತುಟ್ಟಿಯಾಯಿತು. ಅಪ್ಪನ ಕೆಮ್ಮು ಟವೆಲ್ಲಿಗೆ ಬಗ್ಗದಷ್ಟಾಯಿತು. ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಲೇ ಅವ್ವ, "ಬನಹಟ್ಟಿಗೆ ಹೋಗೂಣು" ಅಂದಳು. ಅಪ್ಪ, "ಅಲ್ಲಿ ನಮ್ಮವರು ಯಾರದಾರ?" ಎಂದ. ಅವ್ವ, "ಇಲ್ಲಿ ಯಾರದಾರ?" ಎಂದಳು. ಅಷ್ಟೇ. ನಮ್ಮ ಮನೆಯ ದೊಡ್ಡ ತೀರ್ಮಾನಗಳೆಲ್ಲ ಒಲೆಯ ಮುಂದೆ ಹೀಗೆಯೇ ಆದವು.

ಕುಡಚಿ ಸ್ಟೇಶನ್ನಿನಲ್ಲಿ ರೈಲು ಇಳಿದಾಗ ಸಂಗಪ್ಪ ಚಕ್ಕಡಿ ತಂದು ನಿಂತಿದ್ದ. ನಮ್ಮ ಸಾಮಾನೆಂದರೆ ಎರಡು ಗಂಟು ಮತ್ತು ಅವ್ವನ ಹಂಚು. ಹಂಚನ್ನು ಅವಳು ಗಂಟಿನಲ್ಲಿ ಕಟ್ಟದೆ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡಿದ್ದಳು, ಕೂಸು ಹಿಡಿದಂತೆ. ತೇರದಾಳ ದಾಟುವಾಗ ಎರಡೂ ಕಡೆ ಕಪ್ಪು ಮಣ್ಣಿನ ಎರಿ ಹೊಲ, ಆಳೆತ್ತರದ ಜೋಳ, ಎಡಕ್ಕೆ ದೂರದಲ್ಲಿ ಹೊಳೆಯುವ ಕೃಷ್ಣೆ. ಅಷ್ಟು ಆಕಾಶವನ್ನು ಒಂದೇ ಸಲ ನಾನು ನೋಡಿರಲಿಲ್ಲ. ಕತ್ತು ನೋಯುವ ತನಕ ನೋಡಿದೆ.

ರಬಕವಿ ದಾಟಿ ಬನಹಟ್ಟಿಯ ನೇಕಾರರ ಓಣಿಗೆ ಚಕ್ಕಡಿ ಹೊಕ್ಕಾಗ ನನಗೆ ಗಾಬರಿಯಾಯಿತು. ಮನೆಮನೆಯಿಂದ ಖಟ್ ಪಟ್, ಖಟ್ ಪಟ್. ಹಗಲು ಹೊತ್ತಿನಲ್ಲಿ ಇಷ್ಟು ಸದ್ದು! ಇಲ್ಲಿ ಮಲಗಿದವರು ಯಾರೂ ಇಲ್ಲವೇ ಎಂದು ನಾನು ಅವ್ವನ ಕಿವಿಯಲ್ಲಿ ಪಿಸುಗುಟ್ಟಿದೆ. ಅವ್ವನಿಗೆ ಕೇಳಿಸಲಿಲ್ಲ. ಮತ್ತೆ ಕೇಳಿದೆ. ಆಗ ಅವಳು, "ಏನಂದಿ? ಗಟ್ಟಿಯಾಗಿ ಹೇಳ ಬೇ!" ಎಂದು ಕೂಗಿದಳು. ಕೂಗಿ, ತಾನೇ ಬೆಚ್ಚಿ ಸುತ್ತ ನೋಡಿದಳು. ಯಾರೂ ಬೈಯಲಿಲ್ಲ. ಯಾರಿಗೂ ಕೇಳಿಸಿರಲೂ ಇಲ್ಲ. ನಾನು ಬಾಯಿ ತೆರೆದು ಹೊಟ್ಟೆಯಿಂದ ಒಂದು ಸಲ "ಅವ್ವಾ!" ಎಂದು ಕೂಗಿದೆ. ಎತ್ತುಗಳು ಕಿವಿ ನೆಟ್ಟಗೆ ಮಾಡಿದವು. ಅಂದು ತೆರೆದ ಬಾಯಿ, ನೋಡಿ, ಇನ್ನೂ ಮುಚ್ಚಿಲ್ಲ.

ಸಂಗಪ್ಪನ ಮನೆಯ ಎದುರಿಗಿದ್ದ ಮನೆ ನಮಗೆ ಸಿಕ್ಕಿತು. ಅದು ಅವನ ಅಪ್ಪ ಬಸಪ್ಪಜ್ಜನದೇ. ಹಿಂದೆ ಒಂದು ಗೋಡೆ ಕುಸಿದಿತ್ತು. ಆದರೂ ಪಡಸಾಲೆ ಬೇರೆ, ಅಡುಗೆಮನೆ ಬೇರೆ, ಹಿತ್ತಲಲ್ಲಿ ನುಗ್ಗೆಗಿಡ. ಅವ್ವ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುವುದು, ಮತ್ತೆ ಬರುವುದು, ಹೀಗೆ ಮಾಡುತ್ತಲೇ ಇದ್ದಳು. ಮುಂಬಯಿಯಲ್ಲಿ ಖೋಲಿ ಹಿಡಿಯುವ ಮುಂಚೆ ಮುಂಗಡ ಇಡಬೇಕಿತ್ತು, ಹೊಣೆಗೆ ಇಬ್ಬರನ್ನು ಕರೆತರಬೇಕಿತ್ತು. ಅವ್ವ ಅಂಜುತ್ತ, "ಬಾಡಗಿ ಏನ್ರಿ?" ಎಂದು ಕೇಳಿದಳು. ಬಸಪ್ಪಜ್ಜ, "ಮೊದ್ಲ ಒಲಿ ಹಚ್ಚವಾ. ಆಮ್ಯಾಲ ಮಾತಾಡೂಣು. ನೀ ಎಲ್ಲಿ ಓಡಿ ಹೋಗ್ತಿ?" ಎಂದು ಹೇಳಿ ಮಗ್ಗಕ್ಕೆ ಹೋಗಿ ಕೂತ.

ಆದರೆ ಒಲೆ ಹಚ್ಚಲು ಓಣಿ ಬಿಡಬೇಕಲ್ಲ! ಒಂದು ಮನೆಯಿಂದ ರೊಟ್ಟಿ, ಒಂದು ಮನೆಯಿಂದ ಝುಣಕ, ಮತ್ತೊಂದು ಮನೆಯಿಂದ ಮೊಸರು. ಬಸಪ್ಪಜ್ಜನ ಹೆಂಡತಿ ಗಂಗವ್ವನಂತೂ ಹೊತ್ತು ಮುಳುಗುವುದರೊಳಗೆ ಎರಡು ಸಲ ಬಂದು, ನಾವು ಉಣ್ಣುವುದನ್ನು ನಿಂತು ನೋಡಿ ಹೋದಳು. ಅವ್ವನಿಗೆ ಇದೆಲ್ಲ ಕಕ್ಕಾಬಿಕ್ಕಿ. ಅನ್ನ ಎಂದರೆ ಅವಳಿಗೆ ಕಸುಬು. ಊಟ ಹಾಕುವುದು ಗೊತ್ತು, ಪುಕ್ಕಟೆ ಉಣ್ಣುವುದು ಗೊತ್ತಿಲ್ಲ. ಖಾಲಿ ಪಾತ್ರೆ ಮರಳಿಸಬಾರದು ಎಂದು ಸಂಗಪ್ಪ ಹೇಳಿದ ಮೇಲೆ ಅವಳು ಇದ್ದ ಚೂರು ಬೆಲ್ಲವನ್ನೆಲ್ಲ ಒಡೆದು ಒಡೆದು ಪಾತ್ರೆಗಳಿಗೆ ಹಾಕಿದಳು. ಮರುದಿನ ಅವೇ ಪಾತ್ರೆಗಳು ಮತ್ತೆ ತುಂಬಿ ಬಂದವು.

ಇಲ್ಲೊಂದು ವಿಷಯ ಹೇಳದೆ ಮುಂದೆ ಹೋದರೆ ನನಗೆ ಸಮಾಧಾನವಾಗದು. ಆಗ ಬನಹಟ್ಟಿ ಜಮಖಂಡಿ ಸಂಸ್ಥಾನದ್ದು, ಪಕ್ಕದ ರಬಕವಿ ಸಾಂಗಲಿ ಸಂಸ್ಥಾನದ್ದು. ನಡೆದು ಹೋದರೆ ಬಾಯಲ್ಲಿನ ಸಕ್ಕರೆ ಕರಗುವುದರೊಳಗೆ ರಾಜ್ಯ ಬದಲಾಗುತ್ತಿತ್ತು. ನಾನು ಬೆಳಿಗ್ಗೆ ಒಬ್ಬ ಮಹಾರಾಜರ ರಾಜ್ಯದಲ್ಲಿ ಮುಖ ತೊಳೆದು, ಇನ್ನೊಬ್ಬ ಮಹಾರಾಜರ ರಾಜ್ಯಕ್ಕೆ ಹೋಗಿ ಒಣಮೆಣಸಿನಕಾಯಿ ತಂದು, ಊಟಕ್ಕೆ ಮತ್ತೆ ಸ್ವರಾಜ್ಯಕ್ಕೆ ಮರಳುತ್ತಿದ್ದೆ. ಮುಂಬಯಿಯ ನನ್ನ ಗೆಳತಿಯರಿಗೆ ಒಂದೇ ಸರಕಾರ, ಅದೂ ಪರದೇಶದ್ದು. ನನಗೆ ಇಬ್ಬರು ರಾಜರು! ಈ ಜಂಬ ನನಗೆ ಎಷ್ಟಿತ್ತೆಂದರೆ, ರಬಕವಿಯ ಹುಡುಗಿಯರ ಜೊತೆ ಜಗಳವಾದರೆ ನಾನು ಎರಡು ಸಂಸ್ಥಾನಗಳ ಯುದ್ಧವನ್ನೇ ಸಾರಿಬಿಡುತ್ತಿದ್ದೆ. ದನಿ ಆಗಲೇ ತಯಾರಾಗುತ್ತಿತ್ತು.

ಸಂಗಪ್ಪ ನಮ್ಮ ಮನೆಯಲ್ಲೇ ಒಂದು ಕುಣಿಮಗ್ಗ ಹೂಡಿಸಿ ಅಪ್ಪನನ್ನು ಕೂರಿಸಿದ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಕಾಲಿನಿಂದ ಹಲಗೆ ತುಳಿಯುತ್ತ, ಕೈಯಿಂದ ಲಾಳಿ ಓಡಿಸಬೇಕು. ಗಿರಣಿಯಲ್ಲಿ ಎಲ್ಲವನ್ನೂ ಯಂತ್ರ ಮಾಡುತ್ತಿತ್ತು, ಅಪ್ಪ ಯಂತ್ರವನ್ನು ಕಾಯುತ್ತಿದ್ದ. ಇಲ್ಲಿ ಅಪ್ಪನೇ ಯಂತ್ರ. ಅವನ ಕೈ ಒಂದು ಹೇಳಿದರೆ ಕಾಲು ಇನ್ನೊಂದು ಹೇಳುತ್ತಿತ್ತು. ಅವನು ನೇಯ್ದ ಮೊದಲ ಸೀರೆಯ ಅಂಚಿನ ದಡಿ ಒಂದು ಕಡೆ ಹಿಗ್ಗಿ ಒಂದು ಕಡೆ ಕುಗ್ಗಿ, ನಮ್ಮೂರ ಕಾಲುದಾರಿಯಂತೆ ಡೊಂಕಾಗಿ ಹೋಗಿತ್ತು. ಓಣಿಯ ಗಂಡಸರು ಬಂದು ನೋಡಿ ಮೀಸೆಯಲ್ಲಿ ನಕ್ಕರು. ಇದನ್ನು ಯಾವ ಪೇಟೆಗೆ ಒಯ್ಯುವುದು ಎಂದು ಅಪ್ಪ ತಲೆ ತಗ್ಗಿಸಿ ಕೂತಿದ್ದಾಗ ಗಂಗವ್ವ ಬಂದು ಸೀರೆಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. "ಇದು ನಂದು. ದಡಿ ಡೊಂಕಿದ್ರ ಏನಾತು? ನನ್ನ ಸೊಂಟಾನೂ ಡೊಂಕೈತಿ, ಸರಿ ಹೊಂದ್ತೈತಿ" ಎಂದಳು. ನಾಗರ ಪಂಚಮಿಗೆ ಅದನ್ನೇ ಉಟ್ಟು ಓಣಿಯ ತುಂಬ ಓಡಾಡಿದಳು. ಅಪ್ಪ ಅಂದು ಮನೆಯಿಂದ ಹೊರಗೆ ಬರಲೇ ಇಲ್ಲ. ಆದರೆ ಮರುದಿನದಿಂದ ಅವನ ಕಾಲು ಕೈ ಒಂದಾದವು.

ಅಪ್ಪನ ಕಥೆ ಹೀಗೆ ಹಾದಿಗೆ ಹತ್ತಿತು. ಹಾದಿಗೆ ಹತ್ತದ್ದು ಅವ್ವನ ಖಾನಾವಳಿ.

ಸೀರೆ ಕೊಳ್ಳಲು ಬನಹಟ್ಟಿಗೆ ದೂರದೂರದ ವ್ಯಾಪಾರಿಗಳು ಬರುತ್ತಿದ್ದರು. ಬಂದವರು ಉಣ್ಣಲೇಬೇಕಲ್ಲ, ಖಾನಾವಳಿ ನಡೆಯದೆ ಎಲ್ಲಿ ಹೋಗುತ್ತದೆ ಎಂದು ಅವ್ವನ ಲೆಕ್ಕಾಚಾರ. ಪಡಸಾಲೆ ಸಾರಿಸಿದಳು, ಚಾಪೆ ಹಾಸಿದಳು, ಹಂಚು ಏರಿಸಿದಳು. ಮೊದಲ ಗಿರಾಕಿಯಾಗಿ ಮುಧೋಳದ ಒಬ್ಬ ವ್ಯಾಪಾರಿ ಬಂದ. ಜೊತೆಗೆ ಒಂದು ನಾಯಿ. ಉದ್ದ ಕಾಲು, ಉದ್ದ ಮೋರೆ, ಎದೆಯ ಎಲುಬೆಲ್ಲ ಎದ್ದು ಕಾಣುತ್ತಿದ್ದವು, ಹೊಟ್ಟೆಯೆಂಬುದೇ ಇಲ್ಲ. ಅವ್ವನ ಕಣ್ಣಲ್ಲಿ ನೀರು ಬಂತು. ಮನುಷ್ಯನಿಗೆ ಬಡಿಸುವುದನ್ನು ಬಿಟ್ಟು ಮೊದಲು ನಾಯಿಯ ಮುಂದೆ ರೊಟ್ಟಿ ಹಾಕಿದಳು.

"ಎಷ್ಟು ದಿನಾ ಆತ್ರಿ ಇದಕ್ಕ ಕೂಳು ಹಾಕಿ? ನೋಡ್ರಿ ಹೆಂಗಾಗೈತಿ!"

ವ್ಯಾಪಾರಿ ಬಿದ್ದು ಬಿದ್ದು ನಕ್ಕ. "ಯವ್ವಾ, ಇದು ಮುಧೋಳ ನಾಯಿ. ಬ್ಯಾಟಿ ನಾಯಿ ಇರೂದs ಹಿಂಗ. ಅದು ನನಗಿಂತ ಛಲೋ ಉಣ್ತೈತಿ."

ಅಷ್ಟರಲ್ಲಿ ಎದುರುಮನೆಯಿಂದ ಗಂಗವ್ವನ ದನಿ ಬಂತು. ಆ ದನಿಯ ಮುಂದೆ ನನ್ನದೇನೂ ಅಲ್ಲ. "ಯಾರು ಬಂದಾರ? ಮುಧೋಳದವರಾ? ಏನಪಾ, ನಮ್ಮ ಓಣಿಗೆ ಬಂದು ರೊಕ್ಕಾ ಕೊಟ್ಟು ಉಣ್ತಿ? ನಾವೆಲ್ಲಾ ಸತ್ತೇವೇನು? ಏಳ, ಏಳ!" ಎನ್ನುತ್ತ ಬಂದವಳೇ ಅವನ ಕೈ ಹಿಡಿದು ಎಬ್ಬಿಸಿಕೊಂಡು ಹೋದಳು. ವ್ಯಾಪಾರಿ ಅವ್ವನ ಕಡೆ ತಿರುಗಿ ಕೈ ಮುಗಿದು, ಏನೂ ಮಾಡಲಾರೆ ಎನ್ನುವಂತೆ ಹೋದ. ನಾಯಿ ಮಾತ್ರ ನಿಯತ್ತಿನಿಂದ ಕೂತು ಪೂರ್ತಿ ಊಟ ಮುಗಿಸಿತು.

ಇದು ಒಂದು ದಿನದ ಮಾತಾಗಲಿಲ್ಲ. ಯಾವ ಪರಸ್ಥಳದವನು ನಮ್ಮ ಹೊಸ್ತಿಲು ತುಳಿದರೂ ಓಣಿಯ ಯಾವುದಾದರೊಂದು ಬಾಗಿಲಿನಿಂದ ಕೂಗು ಬರುತ್ತಿತ್ತು, ಗಿರಾಕಿ ಮಾಯವಾಗುತ್ತಿದ್ದ. ಮುಂಬಯಿಯಲ್ಲಿ ಖಾನಾವಳಿಗೆ ಖಾನಾವಳಿ ಪೈಪೋಟಿ. ಇಲ್ಲಿ ಊರಿಗೆ ಊರೇ ಪೈಪೋಟಿ, ಅದೂ ಪುಕ್ಕಟೆ ಹಾಕುವವರ ಜೊತೆ! ಕೊನೆಗೆ ಒಂದು ಮಧ್ಯಾಹ್ನ ಅವ್ವ, ಮಾಡಿಟ್ಟ ರೊಟ್ಟಿಯ ಬುಟ್ಟಿಯನ್ನು ಮುಂದಿಟ್ಟುಕೊಂಡು ಅತ್ತಳು. ಅಪ್ಪ ಮಗ್ಗ ನಿಲ್ಲಿಸಿ ಬಂದು, "ನಾ ನೇಯಾಕತ್ತೀನಲ್ಲ, ನೀ ಆರಾಮ ಇರು" ಅಂದ. ಅದು ಅವ್ವನಿಗೆ ಇನ್ನೂ ಚುಚ್ಚಿತು. "ಮದಿವಿ ಆದಾಗಿಂದ ನಾ ಕೂತು ಉಂಡಾಕಿ ಅಲ್ಲ. ನನ್ನ ಒಲಿ ಹತ್ತಲಿಲ್ಲಂದ್ರ ವಾಪಸ್ ಮುಂಬೈಗೆ ಹೋಗೂಣು ನಡೀರಿ" ಎಂದಳು. ಅಂದರೆ ನಾನು ಮತ್ತೆ ಪಿಸುಗುಟ್ಟಬೇಕೇ?

ಅವ್ವ ಕಣ್ಣೊರೆಸಿಕೊಂಡು ನೇರ ಗಂಗವ್ವನ ಮನೆಗೆ ನಡೆದಳು. ನಾನು ಹಿಂದೆಯೇ ಹೋದೆ. ಗಂಗವ್ವ ರಾಟಿಯ ಮುಂದೆ ಕೂತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಆ ಓಣಿಯ ಹೆಂಗಸರೆಲ್ಲರ ಕೆಲಸ ಅದು. ಗಂಡಸರು ನೇಯುವಷ್ಟು ಹೊತ್ತೂ ಹೆಂಗಸರು ಸುತ್ತುತ್ತಲೇ ಇರಬೇಕು.

"ಅತ್ತಿ, ನಿಮಗ ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ," ಎಂದಳು ಅವ್ವ. "ನೀವು ಎಲ್ಲಾರೂ ಭಾಳ ಛಲೋದವರು. ನಿಮ್ಮ ಛಲೋತನದಾಗ ನಾ ಮುಳುಗಿ ಹೋಗಾಕತ್ತೀನಿ."

ಗಂಗವ್ವನ ರಾಟಿ ನಿಂತಿತು. "ಏನಾತ ಬೇ?"

"ನಾ ಉಣಿಸಿ ಬದುಕಾಕಿ. ನೀವು ನನ್ನ ಮಂದೀನ ಎಬ್ಬಿಸಿಕೊಂಡು ಹೋಗ್ತೀರಿ. ನಾ ಯಾರಿಗೆ ಉಣಿಸ್ಲಿ?"

ಗಂಗವ್ವ ಕೈಯಲ್ಲಿದ್ದ ಕಂಡಿಕೆಯನ್ನು ಕೆಳಗಿಟ್ಟಳು. ಅವಳಿಗೆ ಇದು ಹೊಳೆದೇ ಇರಲಿಲ್ಲ. ಹೊಸದಾಗಿ ಬಂದ ಬಡಪಾಯಿಗೆ ಬಂದವರನ್ನೆಲ್ಲ ಸಾಕುವ ಭಾರ ಯಾಕೆ ಎಂದು ಅವಳು ಎಬ್ಬಿಸಿಕೊಂಡು ಹೋಗುತ್ತಿದ್ದಳಂತೆ! ತಿಳಿದ ಮೇಲೆ ತಲೆ ತಲೆ ಬಡಿದುಕೊಂಡಳು. ನಕ್ಕಳು, ಸ್ವಲ್ಪ ಅತ್ತಳು. ಆಮೇಲೆ ಕಂಡಿಕೆಗಳ ಬುಟ್ಟಿಯ ಕಡೆ ನೋಡುತ್ತ ಹೇಳಿದಳು: "ಹಂಗಾದ್ರ ನಮಗ ಉಣಿಸು. ಲಗ್ನದ ಸೀರಿ ಹೊತ್ತು ಬಂತಂದ್ರ ನನಗ ರಾಟಿ ಬಿಟ್ಟು ಏಳಾಕ ಆಗಾಂಗಿಲ್ಲ. ರೊಟ್ಟಿ ಬಡಿಯೂದ್ರಾಗ ಅರ್ಧಾ ದಿನಾ ಹೋಗ್ತೈತಿ. ಜ್ವಾಳ ನಾ ಕೊಡ್ತೀನಿ, ಕಟಗಿ ನಾ ಕೊಡ್ತೀನಿ. ನೀ ನಿನ್ನ ಪಾಲು ತಗದ ಇಟಗೊಂಡು ನಮಗ ರೊಟ್ಟಿ ಮಾಡಿ ಕೊಡು."

ಮಗ್ಗದಲ್ಲಿದ್ದ ಬಸಪ್ಪಜ್ಜ ಅಲ್ಲಿಂದಲೇ ಗುಡುಗಿದ. "ಮನ್ಯಾಗ ಇಷ್ಟು ಹೆಂಗಸರು ಇದ್ದು ಮಂದೀ ಮನಿ ರೊಟ್ಟಿ ತಿನ್ನೂದಾ? ನಾ ಬಾಯಾಗ ಹಾಕೂದಿಲ್ಲ ನೋಡು!"

ಗಂಗವ್ವ ರಾಟಿಯನ್ನು ಮತ್ತೆ ತಿರುಗಿಸಿದಳು. ಅವ್ವನಿಗೆ ಕಣ್ಣು ಹೊಡೆದಳು. ಅಜ್ಜಿಯೊಬ್ಬಳು ಕಣ್ಣು ಹೊಡೆದದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ. ಮರುದಿನ ಅವ್ವನ ರೊಟ್ಟಿ ಬಸಪ್ಪಜ್ಜನ ತಟ್ಟೆಗೆ ಹೋಯಿತು. ಅಜ್ಜ ಉಂಡ. ಮತ್ತೊಂದು ಬೇಡಿದ. ಮತ್ತೊಂದನ್ನೂ ಬೇಡಿದ. ಆಮೇಲೆ ಸಂಗಪ್ಪನ ಹೆಂಡತಿಯನ್ನು ಕರೆದು, "ಇವತ್ತ ರೊಟ್ಟಿ ಭಾಳ ಹಗರ ಆಗ್ಯಾವ ನೋಡವಾ, ನಾಳಿನೂ ಹಿಂಗs ಮಾಡು" ಎಂದ. ಆ ಹುಡುಗಿ ಸೆರಗು ಬಾಯಿಗೆ ಒತ್ತಿಕೊಂಡು ಓಡಿ ನಮ್ಮ ಮನೆಗೆ ಬಂದು ನಕ್ಕಳು. ಅಜ್ಜನಿಗೆ ವಿಷಯ ತಿಳಿದಾಗ ಸೋಲೊಪ್ಪಲಿಲ್ಲ. "ಎದುರಿನ ಮನಿ ನಂದs ಅಲ್ಲೇನು? ನನ್ನ ಮನ್ಯಾಗ ಮಾಡಿದ ರೊಟ್ಟಿ ನನ್ನ ಮನಿ ರೊಟ್ಟಿನs" ಎಂದುಬಿಟ್ಟ. ನ್ಯಾಯ ಯಾರು ಹೇಳಬೇಕು?

ಅಲ್ಲಿಂದ ಮುಂದೆ ಒಂದೊಂದಾಗಿ ಮನೆಗಳು ಸೇರಿದವು. ಬೆಳಗಾಗುವುದೇ ತಡ, ನಮ್ಮ ಪಡಸಾಲೆಗೆ ಜೋಳದ ಹಿಟ್ಟಿನ ಬುಟ್ಟಿಗಳು ಬರುತ್ತಿದ್ದವು. ಅವ್ವ ಇನ್ನೊಂದು ಒಲೆ ಹೂಡಿದಳು. ಪಕ್ಕದ ಓಣಿಯ ಒಬ್ಬ ವಿಧವೆಯನ್ನು ಜೊತೆಗೆ ಕೂರಿಸಿಕೊಂಡಳು. ಒಳಗೆ ಅಪ್ಪನ ಮಗ್ಗ ಖಟ್ ಪಟ್, ಹೊರಗೆ ಅವ್ವನ ರೊಟ್ಟಿ ತಪ್ ತಪ್. ನಾನು ಸಾಲಿಗೆ ಹೋಗುವ ಮುಂಚೆ ರೊಟ್ಟಿಯ ಗಂಟುಗಳನ್ನು ಮನೆಮನೆಗೆ ಮುಟ್ಟಿಸಬೇಕು. ಬಾಗಿಲಲ್ಲಿ ನಿಂತು "ರೊಟ್ಟಿ ಬಂದಾವ್ರೀ!" ಎಂದು ಮಗ್ಗದ ಸದ್ದನ್ನು ಮೀರಿ ಕೂಗದಿದ್ದರೆ ಯಾರಿಗೂ ಕೇಳಿಸುತ್ತಿರಲಿಲ್ಲ. ಮುಂದೆ ನಾನು ಜಮಖಂಡಿಯಲ್ಲಿ ಕಲಿತು ಸಾಲಿಯಲ್ಲಿ ಕಲಿಸುವ ಬಾಯಿ ಆದಾಗ, ತಪಾಸಣೆಗೆ ಬಂದ ಸಾಹೇಬರು ನನ್ನ ಪಾಠವನ್ನು ಪಕ್ಕದ ವರ್ಗದಲ್ಲಿ ಕೂತೇ ಕೇಳಿ ಮುಗಿಸಿದರು. ನನ್ನ ವರ್ಗಕ್ಕೆ ಬರುವ ಅಗತ್ಯ ಅವರಿಗೆ ಕಾಣಲಿಲ್ಲ.

ಅಪ್ಪನ ಕೆಮ್ಮು ಯಾವಾಗ ನಿಂತಿತು ಎಂದು ನಮಗೆ ಯಾರಿಗೂ ಗೊತ್ತಿಲ್ಲ. ಒಂದು ದಿನ ಅವ್ವ ಅರಿವೆ ಒಗೆಯುತ್ತ, "ನಿಮ್ಮ ಟವೆಲ್ ಎಲ್ಲೈತಿ?" ಎಂದು ಕೇಳಿದಳು. ಹುಡುಕಿದರೆ ಅದು ಮಗ್ಗದ ಮನೆಯ ಗೂಟದಲ್ಲಿ ಧೂಳು ತಿನ್ನುತ್ತ ನೇತಾಡುತ್ತಿತ್ತು. ಎಷ್ಟೋ ದಿನಗಳಿಂದ ಅಪ್ಪ ಅದನ್ನು ಮುಟ್ಟಿರಲಿಲ್ಲ. ಅವ್ವ ಅದನ್ನು ಹರಿದು ಒಲೆಯ ಮಸಿಬಟ್ಟೆ ಮಾಡಿದಳು.

ಪರೀಕ್ಷೆ ಬಂದದ್ದು ಆಮೇಲೆ. ಎರಡನೆಯ ಮಹಾಯುದ್ಧ ಶುರುವಾಗಿತ್ತು. ಪೇಟೆಯಲ್ಲಿ ನೂಲು ಸಿಗುವುದು ದುಸ್ತರವಾಯಿತು. ಓಣಿಯಲ್ಲಿ ಮೊದಲ ಸಲ ಹಗಲು ಹೊತ್ತು ಸದ್ದು ಕಡಿಮೆಯಾಯಿತು. ಒಂದು ಮಗ್ಗ ನಡೆದರೆ ಎದುರಿನದು ಸುಮ್ಮನೆ ಕೂರುತ್ತಿತ್ತು. ಅಪ್ಪ ಕುಣಿಯ ದಂಡೆಯ ಮೇಲೆ ಕೂತು ಬರಿದೇ ಲಾಳಿಯನ್ನು ಕೈಯಲ್ಲಿ ಹೊರಳಿಸುತ್ತಿದ್ದ. ಅಂಥ ಹೊತ್ತಿನಲ್ಲಿ ಮುಂಬಯಿಯಿಂದ ಸಾವಂತ ಬಂದ. ಗಿರಣಿಯಲ್ಲಿ ಅಪ್ಪನ ಮೇಲಿನವನಾಗಿದ್ದ ಜಾಬರ ಅವನು. ಅವ್ವನ ಖಾನಾವಳಿಯಲ್ಲಿ ಉಂಡು ಉಂಡು ಕನ್ನಡ ಕಲಿತವನು. ಯುದ್ಧದ ಬಟ್ಟೆಗಾಗಿ ಗಿರಣಿಗಳು ಮೂರೂ ಪಾಳಿ ನಡೆಯುತ್ತಿದ್ದವು, ಪಳಗಿದ ಕೈ ಸಾಲುತ್ತಿರಲಿಲ್ಲ.

"ನಾ ಮ್ಯಾಲಿನ ಕೆಲಸಕ್ಕ ಹೋಗ್ತೀನಿ, ನನ್ನ ಜಾಗಾದಾಗ ನೀನs ಜಾಬರ," ಎಂದ ಅಪ್ಪನಿಗೆ. "ಪಗಾರ ಛಲೋ. ಖೋಲಿ ಗಿರಣಿಯವರs ಕೊಡ್ತಾರ. ಇಲ್ಲಿ ಏನೈತಿ? ಮಗ್ಗ ಬಂದ್, ನೂಲಿಲ್ಲ."

ಅಪ್ಪ ಅವ್ವನ ಕಡೆ ನೋಡಿದ. ಮುಂಬಯಿ ಬಿಡುವ ದಿನ ತೀರ್ಮಾನ ಅವಳದಾಗಿತ್ತು. ಇಂದು ಅವಳು ಅದನ್ನು ಅವನಿಗೇ ಬಿಟ್ಟಳು. "ನಿಮ್ಮ ಕೈ, ನಿಮ್ಮ ಕಸಬು. ನೀವs ಹೇಳ್ರಿ" ಎಂದು ಹೇಳಿ ಒಳಗೆ ಹೋದಳು. ಅವಳು ಹಿಟ್ಟು ನಾದುವ ಸದ್ದು ಅಂದು ಎಂದಿಗಿಂತ ಜೋರಾಗಿತ್ತು. ಅಪ್ಪ, ಒಂದು ದಿನ ತಡೆಯಿರಿ ಎಂದು ಸಾವಂತನಿಗೆ ಹೇಳಿದ. ಮಗ್ಗದಲ್ಲಿ ಕೊನೆಯ ಹಾಸು, ಅಂದರೆ ಉದ್ದಕ್ಕೆ ಎಳೆದು ಕಟ್ಟಿದ ನೂಲು, ಸ್ವಲ್ಪವೇ ಉಳಿದಿತ್ತು, ಆ ಸೀರೆ ಮುಗಿಸಬೇಕಿತ್ತು.

ಜಾಬರ ಬಂದ ಸುದ್ದಿ ಓಣಿಗೆ ಹಬ್ಬಲು ಹೊತ್ತು ಬೇಕಿರಲಿಲ್ಲ. ಹೋಗಬೇಡ ಎಂದು ಅಪ್ಪನಿಗೆ ಹೇಳಲು ಯಾರೂ ಬರಲಿಲ್ಲ. ಮರುದಿನ ಬೆಳಿಗ್ಗೆ ಬಸಪ್ಪಜ್ಜ ಕೋಲೂರಿಕೊಂಡು ಬಂದ. ಅವನ ಹಿಂದೆ ಸಂಗಪ್ಪ ಒಂದು ಗಂಟು ಹೊತ್ತು ತಂದಿದ್ದ. ಅಜ್ಜ ಗಂಟನ್ನು ಮಗ್ಗದ ಪಕ್ಕದಲ್ಲಿ ಇಡಿಸಿದ. ಬಿಚ್ಚಿದರೆ ಒಳಗೆ ಹಾಸಿನ ನೂಲು, ಒಂದು ಮಗ್ಗಕ್ಕೆ ಆಗುವಷ್ಟು. ಒಂದೇ ಬಣ್ಣದ್ದಲ್ಲ. ಕೆಂಪಿನಲ್ಲಿ ಎರಡು ಬಗೆ, ಅಂಚಿಗೆ ಯಾರದೋ ಮನೆಯ ಹಸಿರು, ಇನ್ಯಾರದೋ ಮನೆಯ ಹಳದಿ.

ಅಪ್ಪ ಕೈಯಲ್ಲಿ ಹಿಡಿದು ನೋಡಿದ. "ಅಜ್ಜಾ, ಇದು ಯಾರದು?"

"ಓಣೀದು," ಎಂದ ಬಸಪ್ಪಜ್ಜ. "ಎಲ್ಲಾರೂ ಒಂದೊಂದೀಟು ತಗದಾರ. ನೀ ಹೋಗೂದಾದ್ರ ಹೋಗು, ಯಾರೂ ಬ್ಯಾಡ ಅನ್ನೂದಿಲ್ಲ. ಆದ್ರ ಮಗ್ಗ ಖಾಲಿ ಐತಿ ಅಂತ ಹೋಗಬ್ಯಾಡ."

ಇಷ್ಟು ಹೇಳಿ ಅಜ್ಜ ಕೋಲೂರಿಕೊಂಡು ಹೊರಟೇ ಹೋದ. ಹೊಸ್ತಿಲಲ್ಲಿ ಕೂತು ಚಹಾ ಕುಡಿಯುತ್ತಿದ್ದ ಸಾವಂತ ಎಲ್ಲವನ್ನೂ ನೋಡುತ್ತಿದ್ದ. ಅಪ್ಪ ಮಗ್ಗಕ್ಕೆ ಇಳಿದು, ಉಳಿದಿದ್ದ ಸೀರೆಯನ್ನು ನೇಯ್ದು ಮುಗಿಸಿದ. ಸೆರಗು ಮುಗಿಯಿತು. ಸೀರೆಯನ್ನು ಕೊಯ್ದು ಮಡಿಚಿ ಪಕ್ಕಕ್ಕಿಟ್ಟ. ಹಳೆಯ ಹಾಸಿನ ತುದಿಗಳು ಮಗ್ಗದಲ್ಲಿ ಇಳಿಬಿದ್ದಿದ್ದವು. ಅಷ್ಟಕ್ಕೇ ಬಿಟ್ಟು ಎದ್ದರೆ ಮಗ್ಗದ ಕೆಲಸ ಮುಗಿದಂತೆ. ಸಾವಂತ ಚಹಾದ ಬಟ್ಟಲನ್ನು ಕೆಳಗಿಟ್ಟು ಕಾದ.

ಅಪ್ಪ ಏಳಲಿಲ್ಲ. ಓಣಿಯ ಗಂಟನ್ನು ಹತ್ತಿರ ಎಳೆದುಕೊಂಡು, ಬೆರಳಿಗೆ ಬೂದಿ ಹಚ್ಚಿಕೊಂಡು, ಹಳೆಯ ಹಾಸಿನ ಮೊದಲ ಎಳೆಯ ತುದಿಗೆ ಹೊಸ ಎಳೆಯನ್ನು ಇಟ್ಟು ಹೊಸೆದು ಎರಡನ್ನೂ ಒಂದಾಗಿ ಕೆಚ್ಚಿದ. ಆಮೇಲೆ ಇನ್ನೊಂದು. ಆಮೇಲೆ ಮತ್ತೊಂದು.

ಗಿರಣಿಯ ಜಾಬರನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನು ಎದ್ದು ಟೊಪ್ಪಿಗೆ ಹಾಕಿಕೊಂಡು, "ಇಂವಾ ಬರಾಂವಲ್ಲ ವೈನಿ, ನಾ ಬರ್ತೀನಿ" ಎಂದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಅವ್ವ ಹಾದಿಯ ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಟ್ಟಳು. ಕುಡಚಿಗೆ ಹೋಗುವ ಚಕ್ಕಡಿ ಓಣಿಯ ತಿರುವು ದಾಟುವ ತನಕ ಬಾಗಿಲಲ್ಲಿ ನಿಂತಳು. ಆಮೇಲೆ ಕೈ ತೊಳೆದುಕೊಂಡು ಒಳಗೆ ಬಂದಳು. ಎಂದೂ ಮಗ್ಗದ ಬಳಿ ಕೂರದವಳು ಅಪ್ಪನ ಎದುರಿಗೆ ಹೋಗಿ ಕೂತಳು. ಹೊಸ ನೂಲಿನಿಂದ ಒಂದು ಎಳೆ ಬಿಡಿಸಿ ಮುಂದೆ ಚಾಚಿದಳು. ಅಪ್ಪ ತಲೆ ಎತ್ತದೆ ತೆಗೆದುಕೊಂಡು ಕೆಚ್ಚಿದ. ಅವಳು ಇನ್ನೊಂದು ಕೊಟ್ಟಳು.